ಒಂಬತ್ತು ಗಂಟೆ ಇಪ್ಪತ್ತು ನಿಮಿಷ

ಎಂಟು ತಿಂಗಳಿಂದ ರಜೆಯನ್ನೇ ಕಾಣದ, ವಿಮಾನ ಕಂಪನಿಯ ಟಿಕೆಟ್ ಗುಮಾಸ್ತನಿಗೆ ಬೇಕಾಗಿದ್ದದ್ದು ಬರೀ ನಿದ್ದೆ. ಅಷ್ಟಕ್ಕಾಗಿ ದೂರದೇಶದಲ್ಲಿ ಇಲ್ಲದ ಚಿಕ್ಕಪ್ಪನೊಬ್ಬನನ್ನು ಹುಟ್ಟಿಸಿ, ಆಸ್ಪತ್ರೆಗೂ ಸೇರಿಸಿ, ಮೂರು ದಿನ ರಜೆ ಗಿಟ್ಟಿಸಿದ.

ಮ್ಯಾನೇಜರಿಗೆ ವಿಮಾನಗಳ ವೇಳೆಯೆಲ್ಲ ಬಾಯಿಪಾಠ. "ಯಾವ ವಿಮಾನ?" ಎಂದರು.

"ಬೆಳಿಗ್ಗೆ ಏಳರದ್ದು ಸಾರ್. ಆರು ಸಾವಿರದ ಒಂಬೈನೂರು ಕಿಲೋಮೀಟರು, ಒಂಬತ್ತು ಗಂಟೆ ಇಪ್ಪತ್ತು ನಿಮಿಷ."

"ಇಳಿದ ತಕ್ಷಣ ಮೆಸೇಜು ಹಾಕಿ. ಸುಳ್ಳು ಹೇಳಿ ರಜೆ ತಗೊಂಡವನನ್ನ ಹೋದ ತಿಂಗಳು ಕೆಲಸದಿಂದ ತೆಗೆದೆ, ಗೊತ್ತಲ್ಲ?"

"ಗೊತ್ತು ಸಾರ್," ಎಂದ ಗುಮಾಸ್ತ.

ಮರುದಿನ ನಸುಕಿನಲ್ಲೇ ಮುಂಬಾಗಿಲಿಗೆ ಬೀಗ ಜಡಿದು, ಮಹಡಿ ಮೇಲಿದ್ದ ಮನೆಯೊಡತಿಗೆ ಕೇಳುವಂತೆ ಸೂಟ್‌ಕೇಸ್ ಎಳೆದ.

"ವಿಮಾನದಲ್ಲಿ ಹುಷಾರಾಗಿ ಹೋಗ್ಬಾಪ್ಪಾ, ಮನೆ ಮೇಲೆ ಒಂದು ಕಣ್ಣಿಟ್ಟಿರ್ತೀನಿ," ಎಂದರು ಆಕೆ. ಅವನಿಗೆ ಬೇಡವಾಗಿದ್ದದ್ದೇ ಅದು. ಬೀದಿ ಸುತ್ತಿಕೊಂಡು ಬಂದು ಹಿತ್ತಿಲ ಬಾಗಿಲಿಂದ ಕಳ್ಳಬೆಕ್ಕಿನಂತೆ ಒಳಸೇರಿದ.

ಏಳಕ್ಕೆ ಸರಿಯಾಗಿ ಫೋನು ಆರಿಸಿ ಮಂಚ ಹತ್ತಿದಾಗ ನೆನಪಾಯಿತು: ಅವನ ಗೊರಕೆ ಇಡೀ ಬೀದಿಗೇ ಕೇಳಿಸುವಂಥದ್ದು. ನಿದ್ದೆಗೆಂದೇ ರಜೆ ಹಾಕಿದವನು ಕಣ್ಣಿಗೆ ಬಿಂದಿಗೆಯ ತಣ್ಣೀರು ಹಚ್ಚಿಕೊಳ್ಳುತ್ತಾ ಕೂತ. ನಲ್ಲಿ ತಿರುಗಿಸಲು ಭಯ, ಒಲೆ ಹಚ್ಚಲು ಭಯ. ಕೆಮ್ಮು ಬಂದರೆ ದಿಂಬು ಕಚ್ಚಿ ನುಂಗಿದ. ಗಡಿಯಾರ ನೋಡಿ 'ಈಗ ಸಮುದ್ರದ ಮೇಲಿದ್ದೇನೆ' ಎಂದುಕೊಂಡು ಮಂಚದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ.

ಮೂರರ ಹೊತ್ತಿಗೆ, ಇನ್ನೂ ಸಾವಿರ ಕಿಲೋಮೀಟರು ಬಾಕಿ ಇರುವಾಗ, ಗೋಡೆಗೆ ಒರಗಿದಲ್ಲೇ ಕಣ್ಣು ಹತ್ತಿತು.

ಎಚ್ಚರವಾದದ್ದು ಹಿತ್ತಿಲ ಬಾಗಿಲಿನ ಹೊರಗಡೆ ಚಿಲಕ ಬಿದ್ದ ಸದ್ದಿಗೆ. ಮುಂದೆ ತಾನೇ ಜಡಿದ ಬೀಗ, ಹಿಂದೆ ಈ ಚಿಲಕ. ಬಾಗಿಲಾಚೆ ಮನೆಯೊಡತಿ ಅವನ ಆಫೀಸಿಗೇ ಫೋನು ಮಾಡುತ್ತಿದ್ದರು. "ಕಳ್ಳ ಸಾರ್, ಒಳಗೆ ಗೊರಕೆ ಹೊಡೀತಿದ್ದಾನೆ. ನಿಮ್ಮ ಗುಮಾಸ್ತ ಪಾಪ ಆಕಾಶದಲ್ಲಿದ್ದಾನೆ, ನೀವೇ ಬನ್ನಿ."

ಗುಮಾಸ್ತ ಲೆಕ್ಕ ಹಾಕಿದ: ತಾನು ದೂರದೇಶದಲ್ಲಿ ಇಳಿದದ್ದು ಖಾತ್ರಿಯಾದರೆ ಒಳಗಿರುವವನು ಕಳ್ಳನೇ ಆಗುತ್ತಾನೆ. ಕಳ್ಳನಾದರೂ ಚಿಂತೆಯಿಲ್ಲ, ಕೆಲಸ ಉಳಿಯಲಿ ಎಂದು ಉಸಿರು ಬಿಗಿಹಿಡಿದು ಕಾದ. ನಾಲ್ಕು ಇಪ್ಪತ್ತಕ್ಕೆ ಸರಿಯಾಗಿ ಫೋನು ಹಚ್ಚಿ ಮೆಸೇಜು ಕಳಿಸಿದ: 'ಸುಖವಾಗಿ ಇಳಿದೆ ಸಾರ್. ಪ್ರಯಾಣ ಹಾಯಾಗಿತ್ತು.'

ಬಾಗಿಲಾಚೆ ಫೋನೊಂದು ಟಿಣ್ ಎಂದಿತು.

"ನಮ್ಮ ಹುಡುಗಂದಾ ಸಾರ್? ತಲುಪಿದ್ನಂತಾ?" ಮನೆಯೊಡತಿಯ ದನಿ.

"ಹಾಯಾಗಿ ಇಳಿದ್ರಂತೆ," ಎಂದರು ಮ್ಯಾನೇಜರು. "ಇಂಜಿನ್ ಕೆಟ್ಟು ಆ ವಿಮಾನ ಬೆಳಿಗ್ಗೆಯಿಂದ ನೆಲ ಬಿಟ್ಟೇ ಇಲ್ಲ."

ಕಿಲೋಮೀಟರು ಅಳೆದಿದ್ದ, ನಿಮಿಷ ಎಣಿಸಿದ್ದ. ವಿಮಾನ ಎದ್ದಿತೋ ಇಲ್ಲವೋ ಅಂತ ಮಾತ್ರ ನೋಡಿರಲಿಲ್ಲ.

ಮ್ಯಾನೇಜರು ಬಾಗಿಲು ತಟ್ಟಿದರು. "ಒಳಗಿರೋ ಕಳ್ಳರೇ, ಆ ವಿಮಾನದ ಮುನ್ನೂರು ಜನಕ್ಕೂ ಬೇರೆ ಟಿಕೆಟ್ ಮಾಡ್ಬೇಕು. ಮೂರು ದಿನ, ಮೂರು ರಾತ್ರಿಯ ಕೆಲಸ. ನೌಕರಿ ಬೇಕಿದ್ರೆ ಮುಖ ತೊಳ್ಕೊಂಡು ಬನ್ನಿ. ನಿದ್ದೆ ಹೇಗೂ ಮುಗಿಸಿದ್ದೀರಲ್ಲ."