ಕಾಕಾನ ಗಟಾರ ಪರೀಕ್ಷೆ

ಷೇರು ಕೊಳ್ಳುವ ಮೊದಲು ಜನ ಕಂಪನಿಯ ಲಾಭ ನೋಡುತ್ತಾರೆ. ಮಾಳಮಡ್ಡಿಯ ನಮ್ಮ ಕಾಕಾ ಅದರ ಗಟಾರ ನೋಡುತ್ತಿದ್ದರು. ಇಂಥವರ ಜೊತೆ ಹೇಗೆ ಏಗಬೇಕು, ನೀವೇ ಹೇಳಿ.

ಆಗ ತೊಂಬತ್ತರ ದಶಕ. ದುರ್ಗದಬೈಲಿನ ಚಹಾದಂಗಡಿಯವನೂ ಷೇರಿನ ಭಾವ ಹೇಳುತ್ತಿದ್ದ. ಬಟ್ಟೆಯ ಬಣ್ಣ ತಯಾರಿಸುವ ಒಂದು ಕಂಪನಿಯ ಮೇಲೆ ನನಗೆ ಆಸೆ ಹುಟ್ಟಿತು.

"ಮೊದಲ ನೋಡೂಣು ನಡಿ," ಎಂದು ಕಾಕಾ ನನ್ನನ್ನು ಬಸ್ಸು ಹತ್ತಿಸಿದರು.

ಕಾರ್ಖಾನೆಯ ಮುಂದೆ ಹೂದೋಟ, ಕಾರಂಜಿ. ಕಾಕಾ ಅತ್ತ ತಿರುಗಿಯೂ ನೋಡಲಿಲ್ಲ. ಸೀದಾ ಹಿಂಭಾಗಕ್ಕೆ ಹೋಗಿ, ಧೋತರ ಎತ್ತಿ ಕಟ್ಟಿ, ಗಟಾರದ ನೀರಿಗೆ ಬಿಳಿ ಕರವಸ್ತ್ರ ಅದ್ದಿದರು. ಅದು ನೇರಳೆಯಾಯಿತು. ಕಾವಲುಗಾರ ಓಡಿಬಂದ.

"ಏನ್ ಕಳಕೊಂಡೀರಿ ಅಜ್ಜಾರ?"

"ಇನ್ನೂ ಕಳಕೊಂಡಿಲ್ಲಪಾ. ಕಳಕೋಬಾರದು ಅಂತನ ಬಂದೇನಿ."

ದಾರಿಯುದ್ದಕ್ಕೂ ಆ ಕರವಸ್ತ್ರ ನನ್ನ ಮೂಗಿನ ಮುಂದೆ! "ಈ ನೀರು ಹಳ್ಳಕ್ಕ ಸೇರತದ. ಊರ ಮಂದಿ ಇವತ್ತಿಲ್ಲ ನಾಳೆ ಕೇಳತಾರ. ಅವತ್ತ ಷೇರಿನ ಭಾವ ಎಲ್ಲಿರತದ?"

ಮನೆಯಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕು, ಕರವಸ್ತ್ರ ತಿಕ್ಕಿ ತಿಕ್ಕಿ ಸೋತರು. "ಷೇರು ಒಂದೂ ತರಲಿಲ್ಲ, ನನ್ನ ಸಾಬಾಣ ಮಾತ್ರ ಮುಗಿಸಿದರು."

ನಾನು ಕದ್ದು ಷೇರು ಕೊಂಡೆ. ಕಾಕಾ ಕೂಡ ಕೊಂಡರು, ಒಂದೇ ಒಂದು, ವಾರ್ಷಿಕ ಸಭೆಯಲ್ಲಿ ಜಗಳ ತೆಗೆಯುವ ಹಕ್ಕು ಸಿಗಲೆಂದು. ಸಭೆಯಲ್ಲಿ ನಾನು ಸಿಕ್ಕಿಬಿದ್ದೆ.

"ಓಹೋ, ನೀನೂ ತಗೊಂಡಿ? ಛಲೋ ಆತು. ನಾ ಒಬ್ಬನ ಎದ್ದು ಕೇಳಿದರ ಹುಚ್ಚ ಅಂತಾರ. ಇಬ್ಬರು ಎದ್ದರ ಉತ್ತರ ಕೊಡಬೇಕಾಗತದ. ನನ್ನ ಹಿಂದ ನೀನೂ ನಿಲ್ಲು."

ಕಾಕಾ ಎದ್ದು ಗಟಾರದ ಮಾತೆತ್ತಿದರು. ಅಧ್ಯಕ್ಷರು ಮುಗುಳ್ನಕ್ಕರು, ಸಭೆ ಗೊಳ್ಳೆಂದಿತು. ಕಾಕಾ ತಿರುಗಿ ನನ್ನನ್ನು ಹುಡುಕಿದರು. ಈ ಮಾತು ಹಬ್ಬಿದರೆ ನನ್ನ ಷೇರು ಬೀಳುತ್ತದಲ್ಲ! ನಾನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡತೊಡಗಿದೆ.

ಪಕ್ಕದವನು ಕೇಳಿದ, "ಯಾರ್ರೀ ಅವರು?"

"ಗೊತ್ತಿಲ್ರಿ," ಎಂದೆ.

ಕೆಲ ವರ್ಷಗಳಲ್ಲಿ ಹಳ್ಳದ ದಂಡೆಯ ಜನ ತಿರುಗಿಬಿದ್ದರು. ಕಾರ್ಖಾನೆಗೆ ಬೀಗ ಬಿತ್ತು, ಷೇರು ರದ್ದಿ ಕಾಗದವಾಯಿತು. ಬೈಸಿಕೊಂಡರೆ ಹಗುರಾದೀತೆಂದು ಮಾಳಮಡ್ಡಿಗೆ ಹೋದೆ. ಕಾಕಾ ಹಾಸಿಗೆ ಹಿಡಿದಿದ್ದರು.

"ಅವತ್ತ ನಾ ಏಳಲಿಲ್ಲ ಕಾಕಾ."

ಅವರು ಮೆಲ್ಲಗೆ ಗೋಡೆಯ ಕಡೆ ಸರಿದು, ನನಗೆ ಕೂಡಲು ಜಾಗ ಮಾಡಿಕೊಟ್ಟರು.

"ನಿನಗ ಕೇಳಿಸಿರಲಿಕ್ಕಿಲ್ಲ ಬಿಡು," ಎಂದರು. "ನಾನ ಇನ್ನಷ್ಟು ಜೋರಾಗಿ ಮಾತಾಡಬೇಕಿತ್ತು."