ರುದ್ರಪ್ಪನವರು ತಕ್ಷಣ ಒಪ್ಪಿಕೊಂಡರು

ಯಾರಾದರೂ ನನ್ನ ಮೊದಲ ಮಾತಿಗೇ ಒಪ್ಪಿಬಿಟ್ಟರೆ ಆ ದಿನ ನನಗೆ ಅನ್ನ ಸೇರುವುದಿಲ್ಲ. ಇದೊಂದು ಕಾಯಿಲೆ ಎಂದು ನನ್ನ ಹೆಂಡತಿಯ ಅಭಿಪ್ರಾಯ. ಅವಳ ತಂದೆ ನಮ್ಮ ಸಂಬಂಧಕ್ಕೆ ಥಟ್ಟನೆ ಹೂಂ ಎಂದದ್ದರಿಂದ, ಹುಡುಗಿಯಲ್ಲಿ ಏನೋ ಐಬಿರಬೇಕೆಂದು ನಾನು ಆರು ತಿಂಗಳು ವಿಚಾರಿಸಿದ್ದೆ. "ಐಬಿದ್ದದ್ದು ನಮ್ಮಪ್ಪನ ಬುದ್ಧಿಯಲ್ಲಿ" ಎಂದು ಅವಳು ಈಗಲೂ ಹೇಳುತ್ತಾಳೆ.

ಯುದ್ಧದ ಕಾಲ. ನಾನು ಕೊಪ್ಪದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಆ ವರ್ಷ ಜಿಲ್ಲೆಯ ಆಟದ ಪಂದ್ಯಗಳೆಲ್ಲ ಕೊಪ್ಪದಲ್ಲೇ ಎಂದಾಯಿತು. ಆಟಗಾರರನ್ನು ಊರೂರಿಂದ ಕರೆತರುವ ಏರ್ಪಾಡನ್ನು ಅಮಲ್ದಾರರು ನನ್ನ ತಲೆಗೆ ಕಟ್ಟಿದರು. ಪೆಟ್ರೋಲು ಕಣ್ಣಿಗೂ ಬೀಳದ ದಿನಗಳು. ಇದ್ದಿಲಿನ ಗ್ಯಾಸಿನಿಂದ ಓಡುವ ನಾಲ್ಕೈದು ಬಸ್ಸುಗಳೇ ಗತಿ. ಕೊನೆಯ ದಿನದ ಫುಟ್‌ಬಾಲ್ ಪಂದ್ಯ ಶೃಂಗೇರಿಗೂ ನರಸಿಂಹರಾಜಪುರಕ್ಕೂ. ಶೃಂಗೇರಿಯವರನ್ನು ಕರೆತರಲು ಉಳಿದಿದ್ದದ್ದು ನರಸಿಂಹರಾಜಪುರದ ವ್ಯಾಪಾರಸ್ಥ ರುದ್ರಪ್ಪನವರ ಬಸ್ಸೊಂದೇ. ಅರ್ಧ ದಿನವಾದರೂ ವಾದ ಮಾಡಬೇಕಾದೀತೆಂದು ಸಿದ್ಧನಾಗಿಯೇ ಹೋದೆ.

"ಆಯ್ತು ಮಾರಾಯ್ರೆ, ಬೆಳಿಗ್ಗೆ ಎಂಟಕ್ಕೆ ಬಸ್ಸು ಶೃಂಗೇರಿಲಿ ನಿಂತಿರ್ತದೆ. ನಾನೂ ಜೊತೇಲಿ ಹೋಗ್ತೇನೆ" ಎಂದರು ರುದ್ರಪ್ಪನವರು. ಬಾಡಿಗೆಯ ಮಾತೇ ಇಲ್ಲ. ಸಾಲದ್ದಕ್ಕೆ ಬೆಲ್ಲ, ನೀರು ಕೊಟ್ಟರು. ಹೊರಗೆ ಬಂದು ವಿಚಾರಿಸಿದರೆ, ನರಸಿಂಹರಾಜಪುರದ ಗೋಲ್‌ಕೀಪರ್ ಇವರ ಸ್ವಂತ ಮಗ!

ನನಗೆ ಎಲ್ಲವೂ ಬೆಳಕಿನಷ್ಟು ಸ್ಪಷ್ಟವಾಯಿತು. ಬಸ್ಸು ಯಾವುದೋ ಕಾಡಿನ ತಿರುವಿನಲ್ಲಿ 'ಕೆಟ್ಟು' ನಿಲ್ಲುತ್ತದೆ, ಶೃಂಗೇರಿಯವರು ಬರುವುದಿಲ್ಲ, ಮಗನ ಕೈಗೆ ಗೆಲುವಿನ ಕಪ್ಪು! ಶೃಂಗೇರಿ ತಂಡದ ನಾಯಕ ಶೇಷಗಿರಿಗೆ ಗುಟ್ಟಾಗಿ ಕಾಗದ ಬರೆದೆ: "ಬಸ್ಸನ್ನು ನಂಬಬೇಡಿ. ಎರಡು ಎತ್ತಿನ ಗಾಡಿ ಕಳಿಸುತ್ತೇನೆ. ಹಿಂದಿನ ದಿನವೇ ಹೊರಟು, ಯಾರ ಕಣ್ಣಿಗೂ ಬೀಳದಂತೆ ಜಯಪುರದ ಸುತ್ತುದಾರಿಯಲ್ಲಿ ಬನ್ನಿ. ಯಾರಿಗೂ ಹೇಳಬೇಡಿ."

ಪಂದ್ಯದ ದಿನ ಮಧ್ಯಾಹ್ನ ಮೂರಾಯಿತು. ಮೈದಾನದ ತುಂಬ ಜನ. ಶೃಂಗೇರಿಯವರ ಪತ್ತೆಯಿಲ್ಲ. ರುದ್ರಪ್ಪನವರ ಮಗ ಖಾಲಿ ಮೈದಾನದ ತುದಿಯಲ್ಲಿ ಕೈಕಟ್ಟಿ ನಿಂತಿದ್ದ. ನಾಲ್ಕಕ್ಕೆ ರೆಫರಿ ಸೀಟಿ ಊದಿ, ನರಸಿಂಹರಾಜಪುರ ಗೆದ್ದಿತೆಂದು ಸಾರಿದರು. ಐದಕ್ಕೆ ಶೃಂಗೇರಿಯವರು ಕಾಲೆಳೆಯುತ್ತಾ ಬಂದರು. ಜಯಪುರ ದಾಟಿದ ಮೇಲೆ ಮುಂದಿನ ಗಾಡಿಯ ಅಚ್ಚು ಮುರಿದು, ಇಕ್ಕಟ್ಟಿನ ದಾರಿಯಲ್ಲಿ ಹಿಂದಿನದೂ ಸಿಕ್ಕಿಕೊಂಡು, ಉಳಿದ ದಾರಿಯನ್ನೆಲ್ಲ ನಡೆದಿದ್ದರು. ಅವರ ಬೆನ್ನಿಗೇ ರುದ್ರಪ್ಪನವರ ಬಸ್ಸು ಖಾಲಿಯಾಗಿ ಬಂತು. ಇಳಿದ ರುದ್ರಪ್ಪನವರ ಮೈಯೆಲ್ಲ ಇದ್ದಿಲಿನ ಮಸಿ. "ಎಂಟರಿಂದ ಕಾದೆ ಸ್ವಾಮಿ, ಮನೆ ಮನೆಗೆ ಹೋಗಿ ಹುಡುಕಿದೆ. ಒಬ್ಬರೂ ಇಲ್ಲ!" ಎಂದರು.

ಶೇಷಗಿರಿ ನನ್ನ ಕಾಗದವನ್ನು ಅಮಲ್ದಾರರ ಮೇಜಿನ ಮೇಲಿಟ್ಟ. ಅವರು ಎರಡು ಸಲ ಓದಿ, "ನರಸಿಂಹರಾಜಪುರದವರಿಗೂ ನಿಮಗೂ ಏನ್ರೀ ಒಳಸಂಚು?" ಎಂದರು. ನನ್ನ ಕೆಲಸ ಹೋಯಿತೆಂದೇ ತಿಳಿದೆ.

ಆಗ ರುದ್ರಪ್ಪನವರು ಮುಂದೆ ಬಂದರು. "ಸಂಚು ಎಂತದು ಸ್ವಾಮಿ! ಇವರು ಪಾಪದವರು. ಸಂಚು ಮಾಡೋ ಅಷ್ಟು ತಲೆ ಇವರಿಗಿಲ್ಲ."

ಅಮಲ್ದಾರರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕಾಗದವನ್ನು ಹರಿದು ಹಾಕಿದರು. ಕೆಲಸ ಉಳಿಯಿತೆಂದು ನಗಬೇಕೋ, ಉಳಿದ ಕಾರಣಕ್ಕೆ ಅಳಬೇಕೋ ತಿಳಿಯದೆ ಕೈಮುಗಿದೆ. ರುದ್ರಪ್ಪನವರದು ಇನ್ನೂ ಮುಗಿದಿರಲಿಲ್ಲ. "ನಾಳೆ ಬೆಳಿಗ್ಗೆ ಆಡಿಸಿ. ಚೆಂಡು ಮುಟ್ಟದೆ ಗೆದ್ದ ಕಪ್ಪನ್ನು ನನ್ನ ಮಗ ಮನೆಗೆ ತಂದ್ರೆ ನಾನು ಒಳಗೆ ಬಿಡಲ್ಲ."

ಆಡಿಸಿದರು. ಆ ಮಗ ನಾಲ್ಕು ಗೋಲು ಬಿಟ್ಟ. ಕಪ್ಪು ಶೃಂಗೇರಿಗೆ ಹೋಯಿತು, ಅದೂ ರುದ್ರಪ್ಪನವರದೇ ಬಸ್ಸಿನಲ್ಲಿ. ನಾನು ಬಸ್ಸಿನ ಬಳಿ ಹೋಗಿ ಕ್ಷಮೆ ಕೇಳಿದೆ. "ಬಿಡಿ ಮಾರಾಯ್ರೆ, ಹತ್ತಿ, ಶೃಂಗೇರಿ ನೋಡ್ಕೊಂಡು ಬರೋಣ" ಎಂದರು. ನಾನು ಮೆಟ್ಟಿಲ ಮೇಲೆ ಕಾಲಿಟ್ಟೆ. ಕಪ್ಪನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಶೇಷಗಿರಿ ಅದನ್ನು ಎದೆಗೆ ಅವುಚಿಕೊಂಡು, ರುದ್ರಪ್ಪನವರ ಕಿವಿಯ ಹತ್ತಿರ ಬಗ್ಗಿ ಕೇಳಿದ:

"ಇವರೂ ಬರ್ತಾರಾ?"