ಯೂರೋಪಿನ ಬೀಳೂ ನಮ್ಮ ಸೊಪ್ಪೂ

ಸೋಮಾರಿತನವನ್ನು ಜಗತ್ತು ಸರಿಯಾಗಿ ಅರ್ಥ ಮಾಡಿಕೊಂಡಿಲ್ಲ ಎನ್ನುವುದು ನನ್ನ ಬಹುಕಾಲದ ದೂರು. ಪಿರಿಯಾಪಟ್ಟಣದ ಹತ್ತಿರ ನಮಗೊಂದು ಹೊಲವಿದೆ. ಒಂದು ಕಡೆ ಹೊಗೆಸೊಪ್ಪು, ಇನ್ನೊಂದು ಕಡೆ ರಾಗಿ, ಮೂಲೆಯೊಂದು ನನ್ನ ಪಾಲಿಗೆ. ಹೈಸ್ಕೂಲಿನ ಪಾಠ ಮುಗಿಸಿ ಬಂದು ಅದನ್ನು ಹಸನು ಮಾಡುತ್ತೇನೆಂದು ನಾನು ಹೇಳುತ್ತಲೇ ಇದ್ದೆ, ಅಲ್ಲಿ ಕಳೆ ಬೆಳೆಯುತ್ತಲೇ ಇತ್ತು. "ಮೇಷ್ಟ್ರು ಬೀಳು ಬುಟ್ಟವ್ರೆ" ಎಂದು ಹೋಗುವವರು ಬರುವವರೆಲ್ಲ ನಗುತ್ತಿದ್ದರು. ಸೋಮಾರಿ ಎನ್ನುವುದಕ್ಕೆ ನಮ್ಮ ಕಡೆ ಅದಕ್ಕಿಂತ ಮರ್ಯಾದೆಯ ಮಾತಿಲ್ಲ.

ಹೀಗಿರುವಾಗ ಒಂದು ಭಾನುವಾರ ಫೋನಿನಲ್ಲಿ ಯೂರೋಪಿನ ಕೃಷಿ ನೀತಿಯ ವಿಚಾರ ಓದಿ, ಮಲಗಿದ್ದವನು ಎದ್ದು ಕೂತೆ. ಹವಾಮಾನ ಕೆಡಬಾರದು, ಜೇನು ಹಕ್ಕಿ ಉಳಿಯಬೇಕು ಎಂದು ಅಲ್ಲಿ ಹೊಲದ ಒಂದಿಷ್ಟು ಭಾಗ ಬೀಳು ಬಿಟ್ಟ ರೈತರಿಗೆ ಸರ್ಕಾರದವರೇ ದುಡ್ಡು ಕೊಡುತ್ತಾರಂತೆ! ಉಳದೇ ಇದ್ದದ್ದಕ್ಕೆ ದುಡ್ಡು! ನಿಯಮಗಳು ಅತಿಯಾದವು ಎಂದು ಅಲ್ಲಿನ ರೈತರು ಟ್ರ್ಯಾಕ್ಟರು ತಂದು ರಸ್ತೆಗೆ ಅಡ್ಡ ನಿಲ್ಲಿಸಿದ್ದೂ ಉಂಟಂತೆ. ಅವರ ಕಷ್ಟ ಅವರಿಗೆ. ನನಗಂತೂ ಮೈ ಜುಮ್ಮೆಂದಿತು. ನಾವು ಬೆವರು ಸುರಿಸಿ ಬೆಳೆದ ಹೊಗೆಸೊಪ್ಪು ಹಡಗು ಹತ್ತಿ ಅಲ್ಲಿಗೂ ಹೋಗಿ ಹೊಗೆಯಾಗುತ್ತದೆ, ಅಲ್ಲಿನ ನೆಲ ಸಂಬಳ ತೆಗೆದುಕೊಂಡು ಮಲಗಿರುತ್ತದೆ!

ನನ್ನ ಹೆಂಡತಿ ರತ್ನಳ ತವರೂರು ಭೇರ್ಯ. ಅವಳಿಗೆ ಹೇಳಿದೆ, "ನೋಡಿದ್ಯಾ, ಯೂರೋಪು ಈಗ ಮಾಡ್ತಿರೋದನ್ನ ನಾನು ಎಂದೋ ಮಾಡಿದೀನಿ."

"ಅವ್ರು ಬೇಕು ಅಂತ ಬೀಳು ಬುಟ್ಟವ್ರೆ ಕಣ್ರೀ. ನಿಮ್ದು ತಾನಾಗೇ ಬೀಳು ಬಿದ್ದದೆ" ಎಂದಳು. ಮೇಷ್ಟ್ರ ವ್ಯಾಕರಣವನ್ನೇ ತಿದ್ದಿದಳು.

ಅವಮಾನ ಮರೆಯಲು ಅವಳ ಹಿಂದೆಯೇ ಮೂಲೆಗೆ ಹೋದೆ. ಅವಳು ಬಗ್ಗಿ ಸೊಪ್ಪು ಕೀಳತೊಡಗಿದಳು: ಅಣ್ಣೆ, ಗಣಿಕೆ, ಹೊನಗೊನೆ, ಕೀರೆ. ನಾನು ಕಳೆ ಎಂದುಕೊಂಡಿದ್ದೆಲ್ಲ ನನ್ನ ತಟ್ಟೆಗೆ ಬೆರಕೆ ಸೊಪ್ಪಿನ ಬಸ್ಸಾರಾಗಿ ಬರುತ್ತಿದ್ದದ್ದೇ! ಬಿತ್ತಿದವರಿಲ್ಲ, ನೀರು ಹಾಯಿಸಿದವರಿಲ್ಲ. ಬೇಲಿಯ ಹೂವಿನ ಮೇಲೆ ಸಾಸಿವೆಯಷ್ಟು ಸಣ್ಣ ಜೇನುಗಳು ಗುಂಯ್‌ಗುಡುತ್ತಿದ್ದವು. ರತ್ನಳೂ ಕೈ ನಿಲ್ಲಿಸಿ ನೋಡಿದಳು. "ದಿನಾ ಬತ್ತೀನಿ, ಈ ಜೇನ್ಗಳ್ನ ನೋಡೇ ಇಲ್ವಲ್ಲ" ಎಂದಳು. ಇಷ್ಟು ದೊಡ್ಡ ಸಂಸಾರ ನಮ್ಮ ಹೊಲದಲ್ಲಿ ನಡೆಯುತ್ತಿರುವುದು ಕಂಡು ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತೆ. ಈ ಮೂಲೆಯನ್ನು ಹೀಗೇ ಉಳಿಸಬೇಕು ಎಂದು ಇಬ್ಬರೂ ಅಲ್ಲೇ ತೀರ್ಮಾನಿಸಿದೆವು.

ಬಿತ್ತನೆಗೆ ರಾಗಿ ಹೊಲ ಉಳಬೇಕಿತ್ತು. ಟ್ರ್ಯಾಕ್ಟರಿನ ಸಿದ್ದರಾಜನಿಗೆ ಫೋನು ಮಾಡುವ ಕೆಲಸವನ್ನು ನಾನು ರತ್ನಳಿಗೆ ದಾಟಿಸಿದೆ. "ಎಲ್ಲಾ ಉತ್ಬುಡಪ್ಪ, ಸೊಪ್ಪಿರೋ ಕಡೆ ಮಾತ್ರ ಹೋಗ್ಬೇಡ" ಎಂದಳು. ಭೇರ್ಯದಲ್ಲಿ ಸೊಪ್ಪೆಂದರೆ ಸಾರಿಗೆ ಹಾಕುವುದು. ಪಿರಿಯಾಪಟ್ಟಣದಲ್ಲಿ ಸೊಪ್ಪೆಂದರೆ ಒಂದೇ, ಹರಾಜಿಗೆ ಹೋಗುವ ಹೊಗೆಸೊಪ್ಪು. ಇಷ್ಟು ವರ್ಷ ಸಂಸಾರ ಮಾಡಿದರೂ ಇದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಬೆಳಿಗ್ಗೆ ಹೋಗಿ ನೋಡಿದರೆ ರಾಗಿ ಹೊಲ ಮುಗಿಸಿದ ಟ್ರ್ಯಾಕ್ಟರು ಮೂಲೆಗೆ ನುಗ್ಗಿ ಒಂದು ಸಾಲು ಹೊಡೆದಿದೆ! ನಾನು "ಏಯ್" ಎನ್ನುವಷ್ಟರಲ್ಲಿ ರತ್ನ ಓಡಿಹೋಗಿ ಟ್ರ್ಯಾಕ್ಟರಿಗೆ ಅಡ್ಡ ನಿಂತಿದ್ದಳು. ಸಿದ್ದರಾಜ ಕಕ್ಕಾಬಿಕ್ಕಿಯಾದ. "ಸೊಪ್ಪು ಮುಟ್ಬೇಡ ಅಂದ್ರಲ್ಲಕ್ಕ, ಮುಟ್ಟಿಲ್ಲ! ಒಂದೆಲೆ ಅಳ್ಳಾಡಿಲ್ಲ ನೋಡಿ" ಎಂದು ಹೊಗೆಸೊಪ್ಪಿನ ಕಡೆ ಕೈ ತೋರಿಸಿದ.

"ಅದಲ್ಲ ಕಣ್ಲಾ, ಉಣ್ಣೋ ಸೊಪ್ಪು!"

"ಈ ಬೀಳಾ?" ಎಂದು ಅವನು ನನ್ನ ಮುಖ ನೋಡಿದ. ಯೂರೋಪಿನ ನೀತಿಯನ್ನು ವಿವರಿಸಲು ಬಾಯಿ ತೆರೆದೆ. ರತ್ನಳ ಕಣ್ಣಲ್ಲಿ ನೀರು ಕಂಡು ಮುಚ್ಚಿದೆ. ಮಗುಚಿದ ಮಣ್ಣಿನಿಂದ ಇಬ್ಬರೂ ಸೊಪ್ಪು ಆಯ್ದೆವು. ಮಧ್ಯಾಹ್ನದ ಬಸ್ಸಾರು ಎಂದಿನಷ್ಟೇ ರುಚಿಯಾಗಿತ್ತು, ರತ್ನ ಮಾತ್ರ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಮುದ್ದೆ ಮುಗಿಸಿ ನಾನು ಧೈರ್ಯ ತುಂಬಿದೆ: "ಯೋಚನೆ ಮಾಡ್ಬೇಡ. ಇನ್ಮೇಲೆ ಆ ಮೂಲೆಗೆ ಯಾರೂ ಏನೂ ಮಾಡದ ಹಾಗೆ ನಾನು ನೋಡ್ಕೋತೀನಿ."

"ಬ್ಯಾಡಿ. ಅದ್ನೂ ನಾನೇ ನೋಡ್ಕತೀನಿ ಬುಡಿ" ಎಂದಳು ರತ್ನ.

ಜೀವಮಾನವೆಲ್ಲ ನಿಷ್ಠೆಯಿಂದ ಮಾಡಿಕೊಂಡು ಬಂದಿದ್ದ ಒಂದೇ ಕೆಲಸ, ಏನೂ ಮಾಡದಿರುವುದು. ಅದರಿಂದಲೂ ನನ್ನನ್ನು ತೆಗೆದುಹಾಕಿದಳು.